ಒಂದೇ ಮನೆಯೊಳಗಿನ ಜಾಂಬಿ ಚಿತ್ರ: ಅಧ್ಯಯನ ಟಿಪ್ಪಣಿ

ಪುಣೆಯಲ್ಲಿ ಸಿನಿಮಾ ಕಲಿಯುತ್ತಿರುವ ಕನ್ನಡದ ಗೆಳೆಯರಿಗಾಗಿ ಬರೆದ ಈ ಟಿಪ್ಪಣಿಗೆ ಅಮೆರಿಕದ ನಿರ್ದೇಶಕ ಜಾರ್ಜ್ ರೊಮೆರೊ ಅವರ 1968ರ ‘ನೈಟ್ ಆಫ್ ದ ಲಿವಿಂಗ್ ಡೆಡ್’ ಚಿತ್ರವೇ ಆಧಾರ. ಸುಮಾರು 1,14,000 ಡಾಲರ್ ವೆಚ್ಚದಲ್ಲಿ ತಯಾರಾದ ಈ ಕಪ್ಪು-ಬಿಳುಪು ಚಿತ್ರದ ಬಹುಭಾಗ ಪೆನ್ಸಿಲ್ವೇನಿಯಾದ ಒಂದು ತೋಟದ ಮನೆಯಲ್ಲಿ ನಡೆಯುತ್ತದೆ. ಬಣ್ಣವಿಲ್ಲದ್ದರಿಂದ ನೆತ್ತರಿಗೆ ಚಾಕೊಲೇಟ್ ಸಿರಪ್ ಸಾಕಾಯಿತೆಂಬುದನ್ನು ಎಲ್ಲರೂ ಹೇಳುತ್ತಾರೆ. ಆದರೆ ನಾವು ಗಮನಿಸಬೇಕಾದದ್ದು ಆ ಮನೆಯ ನಕ್ಷೆಯನ್ನು.

ಹೊರಗೆ ಜಾಂಬಿಗಳು, ಅಂದರೆ ಮತ್ತೆ ಎದ್ದು ನಡೆದಾಡುವ ಶವಗಳು, ನೆರೆಯುತ್ತಿರುವಾಗ ಮನೆಯೊಳಗೆ ಸಿಲುಕಿದ ಬೆನ್ ಮತ್ತು ಹ್ಯಾರಿ ಕೂಪರ್ ಜಗಳವಾಡುವುದು, ನೆಲಮಾಳಿಗೆಗೆ ಇಳಿದು ಅದರ ಒಂದೇ ಬಾಗಿಲನ್ನು ಭದ್ರಪಡಿಸಬೇಕೋ, ಇಲ್ಲವೇ ಮೇಲೆಯೇ ಉಳಿದು ಕಿಟಕಿಗಳಿಗೆ ಹಲಗೆ ಬಡಿದು ತಪ್ಪಿಸಿಕೊಳ್ಳುವ ದಾರಿಯನ್ನು ತೆರೆದಿಟ್ಟುಕೊಳ್ಳಬೇಕೋ ಎಂಬುದಕ್ಕೆ. ಮೊದಲನೆಯದು ಕೂಪರ್‌ನ ವಾದ, ಎರಡನೆಯದು ಬೆನ್‌ನದು; ಎರಡರಲ್ಲೂ ಹುರುಳಿದೆ. ಕೂಪರ್‌ನ ಒರಟುತನದಿಂದಾಗಿ ಬೆನ್‌ನ ಪಕ್ಷ ವಹಿಸಿದ ಪ್ರೇಕ್ಷಕ, ತಾನು ಒಪ್ಪದಿದ್ದ ಅದೇ ನೆಲಮಾಳಿಗೆಯಲ್ಲಿ ಬೆನ್ ರಾತ್ರಿ ಕಳೆದು ಬದುಕುಳಿಯುವುದನ್ನೂ, ಬೆಳಿಗ್ಗೆ ಮೇಲೆ ಬಂದಾಗ ಶವಗಳ ಬೇಟೆಗೆ ಬಂದವರ ಗುಂಡಿಗೆ ಬಲಿಯಾಗುವುದನ್ನೂ ನೋಡಬೇಕಾಗುತ್ತದೆ. ಜಾಂಬಿಗಳನ್ನು ತೋರಿಸಲು ಹಣ ಬೇಕು. ಇಂಥ ಜಗಳಕ್ಕೆ ಒಂದು ಮೆಟ್ಟಿಲು, ಒಂದು ಬಾಗಿಲು ಸಾಕು. ಊರೆಲ್ಲ ಹಬ್ಬಿದ ಅನಾಹುತವನ್ನು ರೇಡಿಯೊ ಮತ್ತು ಟಿವಿ ಸುದ್ದಿಗಳೇ ಮನೆಯೊಳಕ್ಕೆ ತರುತ್ತವೆ. ಅಂದಹಾಗೆ, ಆ ಮನೆಯ ನೆಲಮಾಳಿಗೆ ಚಿತ್ರೀಕರಣಕ್ಕೆ ಒದಗದೆ, ಅಲ್ಲಿನ ದೃಶ್ಯಗಳನ್ನು ಬೇರೊಂದು ಕಟ್ಟಡದಲ್ಲಿ ತೆಗೆಯಲಾಯಿತು. ಒಂದೇ ಸ್ಥಳವೆಂಬುದು ತೆರೆಯ ಮೇಲೆ ನಿಂತರಾಯಿತು.

ಜಪಾನಿನ ‘ಒನ್ ಕಟ್ ಆಫ್ ದ ಡೆಡ್’ (2017) ಇನ್ನೊಂದು ಹಾದಿ ಹಿಡಿಯುತ್ತದೆ. ಸುಮಾರು 30 ಲಕ್ಷ ಯೆನ್‌ನ ಈ ಚಿತ್ರ ಮೊದಲ 37 ನಿಮಿಷಗಳನ್ನು ಒಂದೇ ಶಾಟ್‌ನಲ್ಲಿ ತೋರಿಸಿ, ಆಮೇಲೆ ಅದೇ ಜಾಗದಲ್ಲಿ ಅದನ್ನು ಚಿತ್ರಿಸಿದವರ ತೆರೆಮರೆಯ ಪಡಿಪಾಟಲನ್ನು ಬಿಚ್ಚಿಡುತ್ತದೆ. ಹೀಗಾಗಿ ಮೊದಲು ಕಂಡ ತಪ್ಪುಗಳೇ ಎರಡನೆಯ ಸಲ ನಗೆಯಾಗುತ್ತವೆ.

ಅಭ್ಯಾಸಕ್ಕೆ ಪುಣೆಯ ಸದಾಶಿವ ಪೇಠೆಯಂಥ ಕಡೆಯ ಹಳೆಯ ವಾಡೆಯೊಂದನ್ನು ಕಲ್ಪಿಸಿಕೊಳ್ಳಬಹುದು. ಹೆಬ್ಬಾಗಿಲಿನಲ್ಲಿ ಒಬ್ಬರೇ ಬಗ್ಗಿ ನುಸುಳಬಲ್ಲ ದಿಡ್ಡಿ ಬಾಗಿಲು, ನಡುವೆ ಆಕಾಶಕ್ಕೆ ತೆರೆದ ಚೌಕ, ಮಾಳಿಗೆಗೆ ಏರುವ ಇಕ್ಕಟ್ಟಿನ ಮರದ ಮೆಟ್ಟಿಲು: ಇಷ್ಟಿದ್ದರೆ ಕಥೆಗೆ ಬೇಕಾದ ಇಕ್ಕಟ್ಟುಗಳೆಲ್ಲ ಸಿದ್ಧ. ಬಾವಿ ಚೌಕದಲ್ಲಿದ್ದು ಜನರು ಮಾಳಿಗೆಯಲ್ಲಿದ್ದರೆ ನೀರಿಗೆ ಇಳಿಯುವವರು ಯಾರು, ಅವರು ಹಿಂದಿರುಗುವವರೆಗೆ ಮೆಟ್ಟಿಲ ಬಾಗಿಲನ್ನು ತೆರೆದಿಡಬೇಕೆಂದು ಹಟ ಹಿಡಿಯುವವರು ಯಾರು ಎಂಬುದನ್ನು ಮೊದಲು ನಕ್ಷೆಯ ಮೇಲೆ ಬರೆದುಕೊಳ್ಳಬೇಕು. ಮೇಕಪ್‌ನ ಖರ್ಚನ್ನು ಆಮೇಲೆ ಲೆಕ್ಕ ಹಾಕಬಹುದು.