ಖಾಲಿ ಜಾಗದಲ್ಲೂ ಎಲುಬು ಬೆಳೆಯುತ್ತದೆ, ಬೂತಾಯಿ ಮೀನು ಬಿಡಿಸಬೇಡಿ

ಪ್ರಶ್ನೆ: ಮಗನಿಗೆ ಏಳು ವರ್ಷ. ಮೊಣಕಾಲಿನ ಕೆಳಗಿನ ದೊಡ್ಡ ಎಲುಬಿಗೆ ಕೀವು ಹಿಡಿದು 6 ಸೆಂಟಿಮೀಟರ್ ಎಲುಬು ತೆಗೆದಿದ್ದಾರೆ. ಇನ್ನು ಕಾಲಿಗೆ ಬಳೆ ಹಾಕಿ ಎಲುಬು ಬೆಳೆಸ್ತಾರಂತೆ. ಖಾಲಿ ಜಾಗದಲ್ಲಿ ಎಲುಬು ಬೆಳೆಯುವುದುಂಟಾ? ಮೀನು, ಮೊಟ್ಟೆ ನಿಲ್ಲಿಸಿದ್ದೇವೆ. ಇನ್ನೇನು ಪಥ್ಯ ಮಾಡಬೇಕು?

ಕುಂಬಳೆಯಿಂದ ಬಂದರೂ ಇದೇ ಪ್ರಶ್ನೆ, ಬದಿಯಡ್ಕದಿಂದ ಬಂದರೂ ಇದೇ. ಮೊದಲ ಅರ್ಧಕ್ಕೆ ಬೇಗ ಉತ್ತರ ಹೇಳಿಬಿಡುತ್ತೇನೆ. ನನ್ನ ಜಗಳ ಇರುವುದು ಎರಡನೇ ಅರ್ಧದ ಹತ್ತಿರ.

ಬೆಳೆಯುತ್ತದೆ. ಸೈಬೀರಿಯಾದ ಕುರ್ಗಾನ್‌ನಲ್ಲಿದ್ದ ಡಾಕ್ಟರ್ ಇಲಿಝರೋವ್ 1950ರ ದಶಕದಲ್ಲೇ ಮಾಡಿ ತೋರಿಸಿದ್ದು ಇದು. ಬಳೆ ಅಂದರೆ ಕಾಲಿನ ಸುತ್ತ ಹೊರಗಿನಿಂದ ಹಾಕುವ ಲೋಹದ ಉಂಗುರಗಳು, ಎಲುಬಿಗೆ ತೂರಿದ ಕಂಬಿಗಳನ್ನು ಅವಕ್ಕೆ ಬಿಗಿದಿರುತ್ತಾರೆ. ಉಳಿದಿರುವ ಒಳ್ಳೆಯ ಎಲುಬನ್ನು ಒಂದು ಕಡೆ ಕತ್ತರಿಸುತ್ತಾರೆ. ಸುಮಾರು ಒಂದು ವಾರ ಸುಮ್ನೆ ಬಿಡುತ್ತಾರೆ. ಆಮೇಲೆ ಆ ತುಂಡನ್ನು ದಿನಕ್ಕೆ 1 ಮಿಲಿಮೀಟರಿನಷ್ಟು ಖಾಲಿ ಜಾಗದ ಕಡೆಗೆ ಸರಿಸುತ್ತಾ ಹೋಗುವುದು. ಅದೂ ಒಂದೇ ಸಲಕ್ಕಲ್ಲ, ನಾಲ್ಕು ಕಂತಿನಲ್ಲಿ. ತುಂಡು ಮುಂದೆ ಹೋದ ಹಾಗೆ ಅದರ ಹಿಂದೆ ಹೊಸ ಎಲುಬು ಹುಟ್ಟುತ್ತದೆ. ನಟ್ಟು ತಿರುಗಿಸುವ ಕೆಲಸ ಮನೆಯಲ್ಲಿ ನಿಮ್ಮದೇ. 6 ಸೆಂಟಿಮೀಟರಿಗೆ 60 ದಿನ ಆಯಿತು. ಆದರೆ ಹುಟ್ಟಿದ್ದು ಗಟ್ಟಿಯಾಗಬೇಕಲ್ವಾ? ಒಟ್ಟು ಸೆಂಟಿಮೀಟರಿಗೆ ಒಂದು ತಿಂಗಳಿಗಿಂತ ಜಾಸ್ತಿಯೇ ಲೆಕ್ಕ ಇಟ್ಟುಕೊಳ್ಳಿ. ಎರಡು ತಿಂಗಳಲ್ಲಿ ಬಳೆ ತೆಗೀತಾರೆ ಎಂದು ಶಾಲೆಯಲ್ಲಿ ಹೇಳಿ ಬರಬೇಡಿ.

ಬೇರೆ ದಾರಿಗಳೂ ಇವೆ. ಪಕ್ಕದ ಸಣ್ಣ ಎಲುಬನ್ನು ದೊಡ್ಡದರ ಜಾಗಕ್ಕೆ ಕೂರಿಸಬಹುದು. ಮಗು ಅದರ ಮೇಲೆ ಭಾರ ಹಾಕಿ ನಡೆದಂತೆಲ್ಲ ಅದು ದಪ್ಪವಾಗುತ್ತದೆ, ನೋಡಿದರೆ ಆಶ್ಚರ್ಯ ಆಗಬೇಕು. ಇಲ್ಲವೇ ಮದ್ದು ಬೆರೆಸಿದ ಸಿಮೆಂಟ್ ಗಟ್ಟಿಯನ್ನು ಆರೆಂಟು ವಾರ ಒಳಗಿಟ್ಟು, ಅದರ ಸುತ್ತ ಪೊರೆ ಕಟ್ಟಿದ ಮೇಲೆ ಸೊಂಟದ ಎಲುಬಿನ ಚೂರು ತುಂಬಿಸುವುದು. ಸಣ್ಣ ಮಕ್ಕಳ ಸೊಂಟದಲ್ಲಿ ಅಷ್ಟು ಎಲುಬು ಸಿಗುವುದು ಕಷ್ಟ. ಯಾವುದು ಸರಿ ಎಂದು ಎಕ್ಸ್‌ರೇ ನೋಡಿದವರು ಹೇಳಲಿ.

ಈಗ ಪಥ್ಯ. "ಮೀನು ಕೊಟ್ಟರೆ ನಂಜಾಗ್ತದೆ." ಎಷ್ಟು ಸಲ ಉತ್ತರಿಸಿದ್ದೇನೋ, ಲೆಕ್ಕ ಇಟ್ಟಿಲ್ಲ. ಒಂದು ಮನೆಯಲ್ಲಿ ಬಂಗುಡೆ, ಸಿಗಡಿ ನಂಜು. ಹವ್ಯಕರ ಮನೆಯಲ್ಲಿ ಮೀನಿನ ಸುದ್ದಿಯೇ ಇಲ್ಲ, ಅಲ್ಲಿ ಬದನೆ ನಂಜು. ಹಾಗಾದರೆ ಕೀವು ಮಾಡುವುದು ಬಂಗುಡೆಯೋ ಬದನೆಯೋ?

ಎರಡೂ ಅಲ್ಲ. ಕೀವು ಮಾಡುವುದು ರೋಗಾಣು, ಹೆಚ್ಚಿನ ಮಕ್ಕಳಲ್ಲಿ ಸ್ಟೆಫೈಲೋಕಾಕಸ್. ರಕ್ತದಲ್ಲಿ ಬಂದು ಎಲುಬಿನೊಳಗೆ ಕೂರುತ್ತದೆ. ಕೀವಿನ ಒತ್ತಡಕ್ಕೆ ರಕ್ತ ಓಡಾಟ ನಿಂತು ಎಲುಬಿನ ಒಂದು ತುಂಡು ಸಾಯುತ್ತದೆ. ಸತ್ತ ತುಂಡಿಗೆ ರಕ್ತ ಹೋಗುವುದಿಲ್ಲ, ರಕ್ತ ಹೋಗದಲ್ಲಿಗೆ ಆಂಟಿಬಯೋಟಿಕ್ ಕೂಡ ಹೋಗುವುದಿಲ್ಲ. ರೋಗಾಣು ಅಲ್ಲೇ ಬೆಚ್ಚಗೆ ಇರುತ್ತದೆ. ನಂಜು ಎಂದು ಯಾವುದಕ್ಕಾದರೂ ಹೆಸರಿಡಬೇಕಿದ್ದರೆ ಆ ತುಂಡಿಗೆ ಇಡಿ. ಡಾಕ್ಟರು ತೆಗೆದದ್ದು ಅದನ್ನೇ.

"ಮೀನು ತಿಂದ ಮರುದಿನವೇ ಗಾಯ ಸೋರಿತು" ಅನ್ನುತ್ತಾರೆ. ಸತ್ತ ಎಲುಬು ಒಳಗಿದ್ದರೆ ಗಾಯ ತಾನಾಗಿ ಮುಚ್ಚುತ್ತದೆ, ತಾನಾಗಿ ಸೋರುತ್ತದೆ. ನಮ್ಮ ಕಡೆ ದಿನಾ ಮೀನು. ಗಾಯ ಯಾವತ್ತು ಸೋರಿದರೂ ಅದರ ಹಿಂದಿನ ದಿನ ಮೀನು ತಿಂದೇ ಇರುತ್ತೀರಿ! ಬಳೆ ಹಾಕಿದ ಮೇಲೂ ಇದೇ ಕಥೆ. ಕಂಬಿ ತೂರಿದ ಜಾಗ ಕೆಂಪಾದರೆ ಕೈ ಮೀನಿನ ಚಟ್ಟಿಯ ಕಡೆ ತೋರಿಸುತ್ತದೆ. ಅಲ್ಲಿ ದಿನಾ ಕ್ಲೀನ್ ಮಾಡಿದ್ದೀರಾ ಎಂದು ಕೇಳಿದರೆ ಮನೆಯವರೆಲ್ಲ ಮೌನ.

ಅಜ್ಜಿಯಂದಿರು ಸುಮ್ಮನೆ ಹೇಳಿದ್ದಲ್ಲ ಅಂತ ಒಪ್ಪುತ್ತೇನೆ. ಬಂಗುಡೆಯನ್ನು ಐಸ್ ಇಲ್ಲದೆ ಇಟ್ಟರೆ ಅದರಲ್ಲಿ ಹಿಸ್ಟಮಿನ್ ತುಂಬುತ್ತದೆ, ತಿಂದವರ ಮೈ ಕೆಂಪಾಗಿ ತುರಿಸುತ್ತದೆ. ನಂಬಿಕೆ ಅಲ್ಲಿಂದ ಹುಟ್ಟಿರಲೂಬಹುದು. ಆದರೆ ತುರಿಕೆ ಬೇರೆ, ಕೀವು ಬೇರೆ. ಮಗುವಿಗೆ ಮೀನಿನ ಅಲರ್ಜಿ ಇದ್ದರೆ ಆ ಮಾತೂ ಬೇರೆ.

ಹೊಸ ಎಲುಬು ಕಟ್ಟಲು ಪ್ರೋಟೀನ್, ಕ್ಯಾಲ್ಸಿಯಂ, ವಿಟಮಿನ್ ಡಿ ಬೇಕು. ಬೂತಾಯಿಯಲ್ಲಿ ಇವೆಲ್ಲ ಇವೆ. ನೀವು ಅದನ್ನೇ ನಿಲ್ಲಿಸಿ ಆರು ತಿಂಗಳು ಗಂಜಿ, ಉಪ್ಪಿನಕಾಯಿ ಕೊಟ್ಟರೆ ಎಲುಬು ಯಾವುದರಲ್ಲಿ ಬೆಳೆಯಬೇಕು? ಮೀನು ತಿನ್ನದವರು ಹುರುಳಿ, ಹೆಸರು, ಮೊಸರು, ಎಳ್ಳು ಧಾರಾಳ ಕೊಡಿ. ಬದನೆಯನ್ನೂ ಕೊಡಿ, ಪಾಪ.

ನೀವು ಕೇಳದ ಒಂದು ಪ್ರಶ್ನೆ ಇದೆ: ಎರಡೂ ಕಾಲು ಸಮ ಇರುತ್ತವಾ? ಇದನ್ನು ಕೇಳಬೇಕಿತ್ತು. ಮೊಣಕಾಲಿನ ಕೆಳಗೇ ಈ ಎಲುಬಿನ ಒಂದು ಬೆಳವಣಿಗೆ ಪಟ್ಟಿ ಇದೆ. ವರ್ಷಕ್ಕೆ ಸುಮಾರು 6 ಮಿಲಿಮೀಟರ್ ಉದ್ದ ಕೊಡುವುದು ಅದು. ಕೀವು ಅದನ್ನು ಸುಟ್ಟಿದ್ದರೆ, ಇವತ್ತು ತುಂಬಿಸಿದ ಕಾಲು ಹತ್ತನೇ ವಯಸ್ಸಿಗೆ ಮತ್ತೆ ಗಿಡ್ಡ ಕಾಣಬಹುದು. ಆಪರೇಷನ್ ಕೆಟ್ಟಿತು ಎಂದು ಆಗ ಡಾಕ್ಟರನ್ನು ಬೈಯಬೇಡಿ. 2 ಸೆಂಟಿಮೀಟರ್ ಒಳಗಿನ ವ್ಯತ್ಯಾಸ ಚಪ್ಪಲಿಯ ಅಟ್ಟೆಯಲ್ಲೇ ಸರಿಹೋಗುತ್ತದೆ. ಜಾಸ್ತಿಯಾದರೆ ಇನ್ನೊಮ್ಮೆ ಉದ್ದ ಮಾಡಬಹುದು, ಇಲ್ಲವೇ ಸರಿಯಾದ ವಯಸ್ಸಿನಲ್ಲಿ ಇನ್ನೊಂದು ಕಾಲಿನ ಬೆಳವಣಿಗೆ ತಡೆಯಬಹುದು. ಹುಡುಗರ ಕಾಲು ಸುಮಾರು 16ರವರೆಗೆ ಬೆಳೆಯುತ್ತದೆ, ಅಲ್ಲಿಯವರೆಗೂ ವರ್ಷ ವರ್ಷ ಅಳೆಸಿ. ತಲಪಾಡಿ ದಾಟಿ ಮಂಗಳೂರಿಗೆ ಹೋಗುವಾಗ ಹಳೇ ಎಕ್ಸ್‌ರೇ ಎಲ್ಲ ತೆಗೆದುಕೊಂಡು ಹೋಗಿ. ಕಪಾಟಿನ ಮೇಲೆ ಬಿಟ್ಟು ಬಂದರೆ ಹೋಲಿಸಿ ನೋಡಲು ಏನೂ ಇರುವುದಿಲ್ಲ.