ಮಗಳು ಸೊರಾರಿಟಿ ಸೇರ್ತೀನಿ ಅಂತಾಳೆ, ಒಪ್ಪಲೇ?

ಪ್ರಶ್ನೆ: ನಾವು ಹದಿನೆಂಟು ವರ್ಷದಿಂದ ಟೆಕ್ಸಾಸ್‌ನಲ್ಲಿದ್ದೇವೆ. ಮಗಳಿಗೆ ಆಸ್ಟಿನ್‌ನಲ್ಲಿ ಡಿಗ್ರಿಗೆ ಸೀಟು ಸಿಕ್ಕಿದೆ. ಆಗಸ್ಟ್‌ನಲ್ಲಿ 'ರಶ್' ಮಾಡಿ ಸೊರಾರಿಟಿ ಸೇರ್ತೀನಿ ಅಂತ ಹಟ ಹಿಡಿದಿದ್ದಾಳೆ. ಅದು ಕುಡಿಯೋರ ಗುಂಪು ಅಂತಾರೆ ನಮ್ಮನೆಯವರು. ಏನು ಮಾಡಲಿ?

ಉತ್ತರ: ನಿಮ್ಮ ಮನೆಯವರ ಮಾತು ಅರ್ಧ ನಿಜ. ಸೊರಾರಿಟಿ ಎಂದರೆ ಅಮೆರಿಕದ ಕಾಲೇಜು ಹುಡುಗಿಯರ ಸಂಘ: ಅರ್ಧ ಲೇಡೀಸ್ ಹಾಸ್ಟೆಲ್, ಅರ್ಧ ಮಹಿಳಾ ಸಮಾಜ. ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ 1902ರ ಒಕ್ಕೂಟದಡಿ 26 ದೊಡ್ಡ ಸೊರಾರಿಟಿಗಳಿವೆ. ಅವುಗಳ ಮನೆಯೊಳಗೆ ಸಾಮಾನ್ಯವಾಗಿ ಮದ್ಯಕ್ಕೆ ಅವಕಾಶವಿಲ್ಲ. ಪಾರ್ಟಿ ಹೆಚ್ಚಾಗಿ ನಡೆಯುವುದು ಹುಡುಗರ ಇಂಥದೇ ಸಂಘಗಳಾದ ಫ್ರಾಟರ್ನಿಟಿಗಳ ಮನೆಗಳಲ್ಲಿ. ಹಾಗಾಗಿ ಅಪಾಯ ಇಲ್ಲವೆಂದಲ್ಲ, ಅದರ ವಿಳಾಸ ಬೇರೆ ಅಷ್ಟೇ.

ರಶ್ ಅಂದರೆ ನಮ್ಮ ಹೆಣ್ಣು ನೋಡುವ ಶಾಸ್ತ್ರವೇ. ಒಂದು ಸೊರಾರಿಟಿ ಮನೆಯಿಂದ ಇನ್ನೊಂದಕ್ಕೆ ಹೋಗಬೇಕು, ಒಂದೊಂದು ಕಡೆ ಸ್ವಲ್ಪ ಹೊತ್ತು ನಗುನಗುತ್ತಾ ಮಾತಾಡಬೇಕು. ಕೊನೆಗೆ ಹುಡುಗಿಯರೂ ತಮಗೆ ಬೇಕಾದ ಮನೆಗಳನ್ನು ಸಾಲಾಗಿ ಬರೆಯುತ್ತಾರೆ, ಸೊರಾರಿಟಿಯವರೂ ತಮಗೆ ಬೇಕಾದ ಹುಡುಗಿಯರ ಪಟ್ಟಿ ಬರೆಯುತ್ತಾರೆ. ಎರಡೂ ತಾಳೆಯಾದರೆ 'ಬಿಡ್', ಅಂದರೆ ಸೇರಲು ಕರೆ. ಸಾವಿರ ಸುಳ್ಳು ಹೇಳಿ ಮದುವೆ ಮಾಡು ಎನ್ನುವ ಗಾದೆ ಇಲ್ಲಿಗೂ ಒಪ್ಪುತ್ತದೆ. ಆ ವಾರದಲ್ಲಿ ಯಾರೂ ತಮ್ಮ ಮನೆಯ ಜಗಳ ಹೇಳುವುದಿಲ್ಲ.

ಹೆಚ್ಚಿನವರು ಎಡವುವುದು ಸಹಿಯಲ್ಲಿ. ಕೊನೆಯ ದಿನ ಇಂತಿಂಥ ಮನೆಗಳ ಬಿಡ್ ಬಂದರೆ ಒಪ್ಪುತ್ತೇನೆ ಎಂಬ ಒಪ್ಪಂದಕ್ಕೆ ಸಹಿ ಹಾಕಬೇಕು. ಬರೆದ ಮನೆಯಿಂದಲೇ ಬಿಡ್ ಬಂದು, ಆಮೇಲೆ ಬೇಡವೆಂದರೆ ಅದೇ ಕ್ಯಾಂಪಸ್‌ನ ಆ 26ರ ಪೈಕಿ ಬೇರೆ ಯಾವುದನ್ನೂ ಸುಮಾರು ಒಂದು ವರ್ಷ ಸೇರುವಂತಿಲ್ಲ. ಮನಸ್ಸಿಲ್ಲದ ಮನೆಯ ಹೆಸರನ್ನು 'ಇರಲಿ' ಎಂದು ಬರೆಯಬಾರದು ಎಂದು ಮಗಳಿಗೆ ಈಗಲೇ ಹೇಳಿ.

ದುಡ್ಡಿನ ವಿಷಯದಲ್ಲಿ ಸಂಕೋಚ ಬೇಡ. ಸೊರಾರಿಟಿಗೆ ಕಟ್ಟುವ ಶುಲ್ಕ ಮೊದಲ ಸೆಮಿಸ್ಟರ್‌ನಲ್ಲಿ ಸಾಮಾನ್ಯವಾಗಿ ಹೆಚ್ಚು. ಸೊರಾರಿಟಿ ಮನೆಯಲ್ಲೇ ಇರುವುದಾದರೆ ಬಾಡಿಗೆ, ಊಟ ಬೇರೆ. ಅದರ ಮೇಲೆ ಟೀ ಶರ್ಟು, ಫೋಟೊ, ಉಡುಗೊರೆ. ಮೀಟಿಂಗ್ ತಪ್ಪಿಸಿದರೆ ದಂಡ ಹಾಕುವ ಚಾಪ್ಟರ್‌ಗಳೂ (ಒಂದೊಂದು ಕಾಲೇಜಿನ ಶಾಖೆಗಳು) ಇವೆ. ಮೊದಲ ವರ್ಷದ ಪೂರ್ತಿ ಲೆಕ್ಕವನ್ನು ಬರಹದಲ್ಲಿ ಕೇಳಿ. ಕೊಡಲು ಹಿಂಜರಿದರೆ ಅದೂ ಒಂದು ಉತ್ತರ.

ನಾವು ರ‍್ಯಾಗಿಂಗ್ ಎನ್ನುವುದಕ್ಕೆ ಅಲ್ಲಿ ಹೇಜಿಂಗ್ ಎನ್ನುತ್ತಾರೆ. ಆದರೆ ಇದು ಗುಂಪಿಗೆ ಸೇರಬೇಕಾದವಳು ತಾನೇ ಒಪ್ಪಿ ತೆರುವ ಬೆಲೆಯಂತೆ ಬರುತ್ತದೆ, ಆದ್ದರಿಂದ ಮಕ್ಕಳು ಮನೆಯಲ್ಲಿ ಬಾಯಿ ಬಿಡುವುದಿಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಫೆಡರಲ್ ಕಾನೂನಿನ ಪ್ರಕಾರ, ಹೇಜಿಂಗ್ ಮಾಡಿ ತಪ್ಪಿತಸ್ಥವಾದ ಸಂಘಗಳ ವಿವರವನ್ನು ಕಾಲೇಜುಗಳು ಬಹಿರಂಗಪಡಿಸಬೇಕು. ಮಗಳು ಸೊರಾರಿಟಿಯ ಹೆಸರು ಹೇಳಿದ ದಿನವೇ ಕಾಲೇಜಿನ ವೆಬ್‌ಸೈಟ್‌ನಲ್ಲಿ ಆ ವರದಿ ಹುಡುಕಿ.

ಒಳ್ಳೆಯದೇ ಇಲ್ಲವೇ? ಇದೆ. ಕಮಲಾ ಹ್ಯಾರಿಸ್ ಸೇರಿದ್ದು ಆಲ್ಫಾ ಕಪ್ಪ ಆಲ್ಫಾ ಎಂಬ ಸೊರಾರಿಟಿ. ಅದನ್ನು 1908ರಲ್ಲಿ ಹೊವರ್ಡ್ ಯೂನಿವರ್ಸಿಟಿಯಲ್ಲಿ ಕಪ್ಪು ಹೆಣ್ಣುಮಕ್ಕಳು ಕಟ್ಟಿದರು. ಅಂಥ ನಂಟು ಕಾಲೇಜು ಮುಗಿದ ಮೇಲೂ ಉಳಿಯುತ್ತದೆ. ದಕ್ಷಿಣ ಏಷ್ಯಾದ ಹುಡುಗಿಯರ ಸೊರಾರಿಟಿ ಕಪ್ಪ ಫೈ ಗಾಮಾ ಹುಟ್ಟಿದ್ದು ನಿಮ್ಮ ಮಗಳು ಹೊರಟಿರುವ ಆಸ್ಟಿನ್‌ನಲ್ಲೇ, 1998ರಲ್ಲಿ. ಇಂಥವು ಚಿಕ್ಕ ಗುಂಪುಗಳು, ಬಂಗಲೆಯ ಆಡಂಬರವಿಲ್ಲ, ಸೇರಿಸಿಕೊಳ್ಳುವ ಕ್ರಮವೂ ಬೇರೆ. ದೀಪಾವಳಿಗೆ ಯಾಕೆ ಊರಿಗೆ ಹೋಗಬೇಕು ಎಂದು ಅಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ನನ್ನನ್ನು ಕೇಳಿದರೆ ರಶ್‌ಗೆ ಕಳಿಸಿ. ಆದರೆ ಸಹಿಗೆ ಮುಂಚೆ ಆ ಮನೆ ಬಿಟ್ಟು ಬಂದ ಒಬ್ಬ ಹುಡುಗಿಯನ್ನು ಹುಡುಕಿ ಮಾತಾಡಿಸಲಿ. ವಾರಕ್ಕೆ ಎಷ್ಟು ಗಂಟೆ ಹೋಯಿತು, ಯಾಕೆ ಬಿಟ್ಟೆ, ಈ ಎರಡೇ ಪ್ರಶ್ನೆ ಸಾಕು. ಅಷ್ಟರೊಳಗೆ ಮನಸ್ಸು ಗಟ್ಟಿಯಾಗದಿದ್ದರೆ ಈ ಆಗಸ್ಟ್ ಬಿಡಲಿ. ಜಾಗ ಉಳಿದ ಚಾಪ್ಟರ್‌ಗಳು ಜನವರಿಯ ನಂತರವೂ ಹುಡುಗಿಯರನ್ನು ಸೇರಿಸಿಕೊಳ್ಳುತ್ತವೆ, ಆಗ ಅವಳಿಗೆ ಒಂದು ಸೆಮಿಸ್ಟರ್‌ನ ಓದಿನ ಭಾರವೂ ತಿಳಿದಿರುತ್ತದೆ.