ಮರೆವು ಬಂತೆಂದು ಅಜ್ಜಿಯ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸಬೇಕಾ?

ಪ್ರಶ್ನೆ: ಅಜ್ಜಿಗೆ ಆಲ್‌ಝೈಮರ್ ಶುರುವಾಗಿದೆ ಅಂದಿದ್ದಾರೆ. ಈ ಕಾಯಿಲೆಯಲ್ಲಿ ಮಿದುಳಿನ ಕ್ಯಾಲ್ಸಿಯಂ ಏರುಪೇರಾಗುತ್ತದಂತೆ. ಕ್ಯಾಲ್ಸಿಯಂ ಹಿಡಿಯುವ ಯಾವುದೋ ಪ್ರೊಟೀನಿಗೆ ಔಷಧಿ ಹುಡುಕುತ್ತಿದ್ದಾರಂತೆ. ಹಾಗಾದರೆ ಮೂಳೆಗೆಂದು ಕೊಟ್ಟ ಕ್ಯಾಲ್ಸಿಯಂ ಮಾತ್ರೆ ನಿಲ್ಲಿಸೋದಾ?

ಬೇಡ. ಡಾಕ್ಟರ್ ಹೇಳದೆ ನಿಲ್ಲಿಸಬೇಡಿ. ನಾಪೋಕ್ಲುವಿನವರಿಗೆ ಹೇಳಿ ಮುಗಿಸುವಷ್ಟರಲ್ಲಿ ಸೋಮವಾರಪೇಟೆಯಿಂದ ಅದೇ ಪ್ರಶ್ನೆ ಬಂದಿರುತ್ತದೆ. ಕ್ಯಾಲ್ಸಿಯಂ ಇದೆಯೆಂದು ಒಬ್ಬರು ರಾಗಿ ಗಂಜಿಯನ್ನೇ ಬಂದ್ ಮಾಡಿದ್ದಾರೆ. ಸುಣ್ಣವೂ ಕ್ಯಾಲ್ಸಿಯಂ ತಾನೇ ಅಂತ ಇನ್ನೊಂದು ಮನೆಯಲ್ಲಿ ಎಲೆಅಡಿಕೆಯ ಸುಣ್ಣದ ಡಬ್ಬಿ ಬಚ್ಚಿಟ್ಟಿದ್ದಾರೆ. ಅಜ್ಜಿ ಮೊಮ್ಮಕ್ಕಳ ಹೆಸರು ಮರೆತಿದ್ದಾರೆ, ಡಬ್ಬಿ ಮರೆತಿಲ್ಲ, ದಿನವಿಡೀ ಹುಡುಕಾಟ. ಎಲೆಅಡಿಕೆ ಬಿಡಿಸಬೇಕಾ, ಬಾಯಿ ಕ್ಯಾನ್ಸರಿನ ಭಯಕ್ಕೆ ಬಿಡಿಸಿ. ಮರೆವಿನ ಹೆಸರು ಹೇಳಬೇಡಿ.

ತಿಂದ ಕ್ಯಾಲ್ಸಿಯಂ ನೆಟ್ಟಗೆ ಮಿದುಳಿಗೆ ಹೋಗಿ ಕೂರುವುದಿಲ್ಲ. ಮೈಯ ಕ್ಯಾಲ್ಸಿಯಂನಲ್ಲಿ ಶೇ. 99 ಇರುವುದು ಮೂಳೆ, ಹಲ್ಲುಗಳಲ್ಲಿ. ರಕ್ತದಲ್ಲಿ ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ದೇಹ ಈ ಮಟ್ಟವನ್ನು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಜಾಸ್ತಿ ತಿಂದರೆ ಕರುಳು ಕಡಿಮೆ ಹೀರುತ್ತದೆ, ಕಿಡ್ನಿ ಉಳಿದದ್ದನ್ನು ಹೊರಗೆ ಹಾಕುತ್ತದೆ. ಕಡಿಮೆ ತಿಂದರೆ ಪ್ಯಾರಾಥೈರಾಯ್ಡ್ ಹಾರ್ಮೋನು ಮೂಳೆಯಿಂದ ಎಳೆದು ರಕ್ತಕ್ಕೆ ತುಂಬುತ್ತದೆ. ಅಂದರೆ ನೀವು ಮಾತ್ರೆ ನಿಲ್ಲಿಸಿದಿರಿ, ಮಿದುಳಿಗೆ ಏನೂ ಗೊತ್ತಾಗಲಿಲ್ಲ, ಅಜ್ಜಿಯ ಸೊಂಟದ ಮೂಳೆ ಸವೆಯಿತು. ಬಚ್ಚಲಲ್ಲಿ ಒಮ್ಮೆ ಜಾರಿದರೆ ಸಾಕಲ್ವಾ?

ಇನ್ನೂ ಒಳಗೆ ಹೋಗೋಣ. ನರಕೋಶದ ಹೊರಗಿನ ಕ್ಯಾಲ್ಸಿಯಂ ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ. ಕಾಯಿಲೆ ಇದ್ದವರಿಗಷ್ಟೇ ಅಲ್ಲ, ನಿಮಗೂ ನನಗೂ ಹಾಗೆಯೇ. ಒಳಗೆ ನುಗ್ಗಿದ್ದನ್ನು ಪಂಪುಗಳು ಹಗಲೂ ರಾತ್ರಿ ಹೊರಗೆ ತಳ್ಳುತ್ತಿರುತ್ತವೆ. ಕಕ್ಕಡ ತಿಂಗಳಲ್ಲಿ ಮಳೆ ಎಷ್ಟು ಇಂಚು ಬಿದ್ದರೂ ಹೆಂಚು ಗಟ್ಟಿಯಿದ್ದರೆ ಅಟ್ಟ ಒದ್ದೆಯಾಗಲ್ಲ. ಸೋರಿದರೆ ತಪ್ಪು ಹೆಂಚಿನದು. ಆಲ್‌ಝೈಮರಿನಲ್ಲಿ ಕೆಡುವುದು ಈ ಪಂಪು, ಕ್ಯಾಲ್ಸಿಯಂ ಒಳಬರುವ ಬಾಗಿಲುಗಳ ವ್ಯವಸ್ಥೆ.

"ಕ್ಯಾಲ್ಸಿಯಂ ಮಾತ್ರೆಯಿಂದ ಮರೆವಿನ ಕಾಯಿಲೆ ಬರುತ್ತದೆ ಅಂತ ಸ್ವೀಡನ್ನಿನ ಅಧ್ಯಯನ ಇದೆಯಲ್ಲ ಸಾರ್" ಅನ್ನುವವರಿದ್ದಾರೆ. ಇದೆ, 2016ರದ್ದು. 700 ವೃದ್ಧೆಯರಲ್ಲಿ ಮಾತ್ರೆ ತೆಗೆದುಕೊಂಡವರು 98. ಮರೆವಿನ ಕಾಯಿಲೆಯ ಅಪಾಯ ಜಾಸ್ತಿ ಕಂಡದ್ದು ಮೊದಲೇ ಪಾರ್ಶ್ವವಾಯು ಆದವರಲ್ಲಿ, ಮಿದುಳಿನ ರಕ್ತನಾಳ ಕೆಟ್ಟವರಲ್ಲಿ. ಮಾತ್ರೆಯೇ ಕಾರಣ ಅಂತ ಅದರಿಂದ ಸಾಬೀತಾಗುವುದಿಲ್ಲ. ಅಜ್ಜಿಗೆ ಸ್ಟ್ರೋಕ್ ಆಗಿದ್ದರೆ ಡಾಕ್ಟರನ್ನು ಕೇಳಿ, ಅಷ್ಟೇ.

ಈಗ ಆ ಪ್ರೊಟೀನು. ಇಂಥವು ಹಲವು ಇವೆ. ಹೆಚ್ಚು ಚರ್ಚೆಯಲ್ಲಿರುವುದರಲ್ಲಿ ಎಸ್100ಬಿ ಒಂದು. ಇದು ಸೇರಿದ ಎಸ್100 ಪ್ರೊಟೀನು ಗುಂಪು ಮಿದುಳಿನಲ್ಲಿ ಸಿಕ್ಕಿದ್ದು 1965ರಲ್ಲಿ. ನರಕೋಶಗಳನ್ನು ನೋಡಿಕೊಳ್ಳುವ ಆಸ್ಟ್ರೊಸೈಟ್ ಕೋಶಗಳು ಎಸ್100ಬಿಯನ್ನು ಜಾಸ್ತಿ ತಯಾರಿಸುತ್ತವೆ. ಕ್ಯಾಲ್ಸಿಯಂ ಅಂಟಿದೊಡನೆ ಇದರ ಆಕಾರ ಬದಲಾಗಿ ಒಂದು ಮಗ್ಗುಲು ತೆರೆದುಕೊಳ್ಳುತ್ತದೆ, ಅಲ್ಲಿ ಬೇರೆ ಪ್ರೊಟೀನುಗಳನ್ನು ಹಿಡಿಯುತ್ತದೆ. ಸ್ವಲ್ಪ ಇದ್ದರೆ ನರಕೋಶಕ್ಕೆ ಒಳ್ಳೆಯದು, ವಿಪರೀತವಾದರೆ ಉರಿಯೂತ. ಆಲ್‌ಝೈಮರ್ ರೋಗಿಗಳ ಮಿದುಳಿನಲ್ಲಿ ಇದು ಹೆಚ್ಚಿರುತ್ತದೆ. ಔಷಧಿ ತಡೆಯಬೇಕಾದದ್ದು ಆ ಹಿಡಿತವನ್ನು, ಕ್ಯಾಲ್ಸಿಯಂ ಅನ್ನಲ್ಲ.

ಕಾಲಾ ಅಜಾರ್ ಜ್ವರಕ್ಕೆ ಕೊಡುತ್ತಿದ್ದ ಪೆಂಟಾಮಿಡಿನ್ ಎಂಬ ಹಳೇ ಔಷಧಿ ಆ ಮಗ್ಗುಲಿಗೆ ಅಂಟುತ್ತದೆ. ಇಲಿಗಳಲ್ಲಿ ಉರಿಯೂತ ಇಳಿದಿದೆ. ಆದರೆ ಅದು ರಕ್ತದಿಂದ ಮಿದುಳಿಗೆ ಸಲೀಸಾಗಿ ದಾಟಲ್ಲ, ಕಿಡ್ನಿಗೂ ಹೊಡೆತ. ಜೊತೆಗೆ 2018ರಲ್ಲಿ ಹೊಸ ತಲೆನೋವು: ಆಲ್‌ಝೈಮರಿನಲ್ಲಿ ಮಿದುಳಲ್ಲಿ ಶೇಖರವಾಗುವ ಅಮಿಲಾಯ್ಡ್ ಎಂಬ ಪ್ರೊಟೀನು ಗಂಟುಕಟ್ಟುವುದನ್ನು ಇದೇ ಎಸ್100ಬಿ ನಿಧಾನಿಸುತ್ತದೆ ಅಂತ ಪ್ರಯೋಗಾಲಯದಲ್ಲಿ ಕಂಡಿತು. ಪೂರ್ತಿ ತಡೆದರೆ ಒಳ್ಳೆಯದನ್ನೂ ತಡೆದಂತೆ. ಹಾಗಾಗಿ ಮಡಿಕೇರಿಯ ಮೆಡಿಕಲ್ ಶಾಪಿನಲ್ಲಿ ಸುಮ್ನೆ ವಿಚಾರಿಸಬೇಡಿ, ಅಂಥ ಔಷಧಿ ಇನ್ನೂ ಬಂದಿಲ್ಲ.

ಯಾರೂ ಕೇಳಲಿಲ್ಲ, ಆದರೂ ಹೇಳುತ್ತೇನೆ. ಅಜ್ಜಿ ಬೆಳಗ್ಗೆ ಥೈರಾಯ್ಡ್ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಂದೇ ಅಂಗೈಯಲ್ಲಿ ಇಟ್ಟುಕೊಂಡು ಬಿಸಿ ಕಾಫಿ ಜೊತೆ ನುಂಗುತ್ತಾರಾ, ನೋಡಿ. ಕ್ಯಾಲ್ಸಿಯಂ ಆಗಲಿ ಕಾಫಿ ಆಗಲಿ ಥೈರಾಯ್ಡ್ ಮಾತ್ರೆ ಸರಿಯಾಗಿ ಮೈಗೆ ಹತ್ತಲು ಬಿಡುವುದಿಲ್ಲ. ಥೈರಾಯ್ಡ್ ಕಡಿಮೆಯಾದರೂ ಮರೆವು, ಮಂಕು ಬರುತ್ತದೆ. ಆ ಮಾತ್ರೆಗೆ ಖಾಲಿ ಹೊಟ್ಟೆ, ಬರೀ ನೀರು. ಕಾಫಿ ಅರ್ಧ–ಒಂದು ಗಂಟೆ ಬಿಟ್ಟು. ಕ್ಯಾಲ್ಸಿಯಂ ನಾಲ್ಕು ಗಂಟೆ ಬಿಟ್ಟು, ಮಧ್ಯಾಹ್ನದ ಊಟದ ಜೊತೆ ಕೊಡಿ.